ಹುಬ್ಬಿನ ಕೆಳಗಿನ ಉರಿ

ಪಾರ್ಲರಿನ ಬಾಗಿಲು ತಳ್ಳಿ ಒಳಬಂದವಳೇ ಅವಳು ಕಪ್ಪು ಕನ್ನಡಕ ತೆಗೆದಳು. ಎರಡೂ ಹುಬ್ಬುಗಳ ಕೆಳಗೆ ಚರ್ಮ ಸುಲಿದು, ಕೆಂಪಗೆ ಊದಿಕೊಂಡಿತ್ತು.

"ನಿನ್ನೆ ವ್ಯಾಕ್ಸ್ ಹಾಕಿದ್ಯೋ, ಬೆಂಕಿ ಹಾಕಿದ್ಯೋ? ಮನೇಲಿ ನಾದಿನಿ ಮದುವೆ. ಈ ಮುಖ ಇಟ್ಕೊಂಡು ಹೇಗೆ ಓಡಾಡ್ಲಿ? ನಿನ್ನ ಅಂಗಡಿ ಮುಚ್ಚಿಸ್ತೀನಿ, ನೋಡ್ತಾ ಇರು!"

ಪಾರ್ಲರಿನವಳು ಹೆದರಿಕೊಂಡು ಅವಳನ್ನು ಕೂರಿಸಿ, ಬಟ್ಟೆಯಲ್ಲಿ ಐಸ್ ಸುತ್ತಿ ಹುಬ್ಬಿಗೆ ಒತ್ತಿದಳು.

"ಅಕ್ಕಾ, ಮುಖಕ್ಕೆ ಏನಾದ್ರೂ ಹಚ್ತಾ ಇದ್ರಾ?"

"ಕಲೆ ಹೋಗೋ ಕ್ರೀಮು. ನಾದಿನಿನೇ ಪ್ರೀತಿಯಿಂದ ತಂದ್ಕೊಟ್ಲು. ನಿನ್ನ ಹತ್ರ ಕಳಿಸಿದ್ದೂ ಅವಳೇ."

ಐಸ್ ಒತ್ತುತ್ತಿದ್ದ ಕೈ ನಿಂತಿತು.

"ಆ ಕ್ರೀಮು ಚರ್ಮನ ತೆಳ್ಳಗೆ ಮಾಡುತ್ತೆ ಅಕ್ಕಾ. ಅದರ ಮೇಲೆ ವ್ಯಾಕ್ಸ್ ಮಾಡಿದ್ರೆ ಸುಲಿದೇ ಬರುತ್ತೆ. ಹೋದ ತಿಂಗಳು ನಿಮ್ಮ ನಾದಿನಿನೂ ಅದನ್ನೇ ಹಚ್ಕೊಂಡು ಬಂದಿದ್ರು. ಇದನ್ನೇ ಹೇಳಿ ವಾಪಸ್ ಕಳಿಸಿದ್ದೆ."

ಅವಳಿಗೆ ನಾದಿನಿಯ ನಿಶ್ಚಿತಾರ್ಥದ ದಿನ ವರನ ಅಜ್ಜಿ ತನ್ನನ್ನೇ ಮದುಮಗಳು ಎಂದುಕೊಂಡು ಮಲ್ಲಿಗೆ ಮುಡಿಸಲು ಬಂದದ್ದು ನೆನಪಾಯಿತು. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು, ನಾದಿನಿಯೊಬ್ಬಳನ್ನು ಬಿಟ್ಟು.

"ನಾನೇ ಅವರನ್ನ ಕೇಳ್ತೀನಿ ಬಿಡಿ ಅಕ್ಕಾ. ಮದುವೆಗೆ ಐಬ್ರೋ ವ್ಯಾಕ್ಸ್ ಮಾಡಿಸೋಕೆ ಇಲ್ಲಿಗೇ ಬರ್ತಾರಲ್ಲ."

"ಏನೂ ಕೇಳ್ಬೇಡ. ಯಾವತ್ತು ಬರ್ತಾಳೆ?"

"ಮುಂದಿನ ಶುಕ್ರವಾರ."

ಅವಳು ಕನ್ನಡಿಯಲ್ಲಿ ತನ್ನ ಹುಬ್ಬುಗಳನ್ನು ಇನ್ನೊಮ್ಮೆ ನೋಡಿಕೊಂಡು, ಮೆತ್ತಗೆ ಕೇಳಿದಳು:

"ಆ ಕ್ರೀಮನ್ನ ಅವಳು ದಿನಾ ಹಚ್ಕೊಳ್ಳೋ ಕ್ರೀಮಿನ ಡಬ್ಬಿಗೆ ಕಲಸಿಟ್ರೆ ವಾಸನೆ ಗೊತ್ತಾಗುತ್ತಾ?"