ಮೊದಲ ಸಾಲಿನವರೆಗೆ

"ಏಳಿ, ಏಳಿ, ತಾಯಿಗೆ ಜಾಗ ಬಿಡಿ!"

ಆನ್ಸೆಲ್ಮೋ ಕೂಗಿದ ರಭಸಕ್ಕೆ ವಿಮಾನದ ಮಧ್ಯದ ಸಾಲಿನಲ್ಲಿ ತೂಕಡಿಸುತ್ತಿದ್ದವನು ಬೆಚ್ಚಿ ಎದ್ದು ನಿಂತ. ಫ್ಲೋರಿಂದಾ ಕೈಗಂಟನ್ನು ಎದೆಗವಚಿಕೊಂಡು ಅವನ ಜಾಗದಲ್ಲಿ ಕೂತಳು. ಕೊನೆಯ ಸಾಲಿನಿಂದ ಹೊರಟವಳು ಒಬ್ಬೊಬ್ಬರನ್ನೇ ಎಬ್ಬಿಸಿಕೊಂಡು ಅರ್ಧ ವಿಮಾನ ದಾಟಿದ್ದಳು. ಆನ್ಸೆಲ್ಮೋ ಯಾರೋ ಏನೋ. ಕೊನೆಯ ಸಾಲಿನಲ್ಲಿ ಪಕ್ಕ ಕೂತಿದ್ದ ದಪ್ಪ ಮನುಷ್ಯ, ಅಷ್ಟೇ. "ಮಗಳು ಮುಂದಿದ್ದಾಳೆ, ನಾನಿಲ್ಲಿ" ಎಂದು ಇವಳು ಹೇಳಿದ್ದೇ ತಡ, ಟೋಪಿ ಸರಿಮಾಡಿಕೊಂಡು ಇವಳ ಪರವಾಗಿ ಹೊರಟುಬಿಟ್ಟಿದ್ದ.

ಮಗಳು ಇದ್ದದ್ದು ಇನ್ನೂ ಮುಂದೆ. ಎಲ್ಲರಿಗಿಂತ ಮುಂದೆ.

ಕೊಚಬಾಂಬಾ ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದಳು. "ಸೀಟು ಆರಿಸ್ಕೊಳ್ಳೋಕೆ ಬೇರೆ ದುಡ್ಡು, ಅಮ್ಮ. ನಿಮ್ಮದು ಅಗ್ಗದ ಟಿಕೆಟ್ಟು. ಕೊಟ್ಟ ಕಡೆ ಕೂರ್ಬೇಕು." ಫ್ಲೋರಿಂದಾ ಅಲ್ಲಿ ವಾದಿಸಲಿಲ್ಲ. ವಾದಿಸಿದರೆ ಮಗಳ ಹೆಸರೆತ್ತಬೇಕು, ಹೆಸರೆತ್ತಿದರೆ ಸುದ್ದಿ ಮಗಳ ಕಿವಿಗೆ ಬೀಳುತ್ತದೆ. "ನೀನು ಮಾತ್ರ ಹಿಂದೆ ಬರ್ಬೇಡಮ್ಮ, ಎಲ್ಲರೂ ನಗ್ತಾರೆ" ಎಂದು ಮಗಳು ವಾರಾ ಹಿಂದಿನ ದಿನವೇ ಆಣೆ ಹಾಕಿಸಿಕೊಂಡಿದ್ದಳು. ಆದರೆ ಬೆಳಿಗ್ಗೆ ಕಂಪನಿಯವರು ಗಾಡಿ ಕಳಿಸಿ ಅವಳನ್ನು ಕರೆದುಕೊಂಡು ಹೋದ ಮೇಲೆ, ತಟ್ಟೆಯಲ್ಲಿ ಮಾಂಸದ ಕಡುಬು ಮುಟ್ಟದೆ ಹಾಗೇ ಉಳಿದದ್ದು ಕಂಡಿತು. ಅಲ್ಲಿಗೆ ಆಣೆ ಮುರಿಯಿತು, ಕಡುಬು ಕೈಗಂಟು ಸೇರಿತು.

ವಿಮಾನದ ಮೆಟ್ಟಿಲ ಬಳಿ, ಹೊಸ ಬಸ್ಸಿಗೆ ಒಳ್ಳೆಯದಾಗಲೆಂದು ಎರಚುವ ಹಾಗೆ, ಗಾಲಿಗೆ ಒಂದು ಹಿಡಿ ಬಣ್ಣದ ಕಾಗದದ ಚೂರು ಎರಚಲು ಹೋಗಿ ಕಾವಲಿನವನಿಂದ ಬೈಸಿಕೊಂಡೂ ಆಗಿತ್ತು.

"ಮಗೂಗೆ ಇದು ಮೊದಲನೇ ಸಲವಾ?" ಪಕ್ಕದಲ್ಲಿದ್ದ ಚಿನ್ನದ ಹಲ್ಲಿನ ಹೆಂಗಸು ಕೇಳಿದಳು.

"ಹೋಗಿದ್ದಾಳೆ. ಆದ್ರೆ ಯಾವಾಗ್ಲೂ ಪಕ್ಕದಲ್ಲಿ ದೊಡ್ಡವರು ಒಬ್ಬರು ಇರ್ತಿದ್ರು. ದೊಡ್ಡವರಿಲ್ದೆ ಹೋಗ್ತಿರೋದು ಇವತ್ತೇ."

"ಈಗ ಪಕ್ಕದಲ್ಲಿ ಯಾರಿದಾರೆ?"

"ಯಾರೋ ಹುಡುಗನಂತೆ. ಅವಳಿಗಿಂತ ಚಿಕ್ಕವನು."

"ಅಯ್ಯೋ ದೇವರೇ! ಎರಡು ಮಕ್ಕಳನ್ನ ಮುಂದೆ ಕೂರಿಸ್ಕೊಂಡು ಹೊರಟಿದಾರಲ್ಲ! ಈ ಕಂಪನಿಯವರನ್ನ ಯಾರೂ ಹೆತ್ತಿಲ್ವಾ? ಅವಳಪ್ಪ ಎಲ್ಲಿ?"

"ಅಪ್ಪನಾ? ಇವಳು ಹೊಟ್ಟೇಲಿರೋದು ತಿಳಿದ ದಿನವೇ ಸಾಂತಾ ಕ್ರೂಸ್ ಬಸ್ ಹತ್ತಿದ. ಪಾಪ, ಕಿಟಕಿ ಪಕ್ಕ ಸೀಟು ಸಿಕ್ತೋ ಇಲ್ವೋ, ಇನ್ನೂ ತಿಳಿಸಿಲ್ಲ."

ಇಡೀ ಸಾಲು ನಕ್ಕಿತು. ಫ್ಲೋರಿಂದಾಳೂ ನಕ್ಕಳು. ಆದರೆ ಕೈ ಗಂಟನ್ನು ಹಿಸುಕುತ್ತಲೇ ಇತ್ತು.

ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಸಂತೆಯಲ್ಲಿ ಗುಂಡಿ, ದಾರ ಮಾರಿದವಳು ಅವಳು. ಆಗ ಯಾರು ಎಲ್ಲಿ ಕೂರಬೇಕೆಂಬ ಪ್ರಶ್ನೆಯೇ ಇರಲಿಲ್ಲ. ಮಗು ನಿಟ್ಟುಸಿರು ಬಿಟ್ಟರೂ ತಾಯಿಯ ಕತ್ತಿಗೆ ತಿಳಿಯುತ್ತಿತ್ತು. ಬೆನ್ನಿನಿಂದ ಇಳಿದ ಮೇಲೆ ಮಗು ಮುಂದೆ ಹೋಗುತ್ತಲೇ ಇರುತ್ತದೆ, ಶಾಲೆಗೆ, ಊರಾಚೆಗೆ, ಅಮ್ಮನಿಗೆ ಓದಲು ಬಾರದ ಪುಸ್ತಕಗಳೊಳಕ್ಕೆ. ಬೆನ್ನು ಮಾತ್ರ ಆ ಭಾರ ಮರೆಯುವುದಿಲ್ಲ. ಇವತ್ತೊಂದು ದಿನ, ಮಗಳ ಕೈ ನಡುಗಿದರೆ ತಾನು ಹತ್ತಿರದಲ್ಲಿರಬೇಕು. ನಾಳೆಯಿಂದ ಎಲ್ಲಿಗಾದರೂ ಒಬ್ಬಳೇ ಹೋಗಲಿ.

"ನಡೀರಿ ಅಕ್ಕ, ಇನ್ನು ತಡ ಮಾಡೋದು ಬೇಡ," ಎಂದು ಚಿನ್ನದ ಹಲ್ಲಿನವಳೂ ಟೊಂಕ ಕಟ್ಟಿ ಎದ್ದಳು. ಮೂವರ ಮೆರವಣಿಗೆ ಮುಂದೆ ಸಾಗಿ ಮೊದಲ ಸಾಲಿನಲ್ಲಿ ನಿಂತಿತು. ಅಲ್ಲಿದ್ದ ಕೋಟಿನವನು ಜಗ್ಗಲಿಲ್ಲ.

"ದುಡ್ಡು ಕೊಟ್ಟು ಆರಿಸ್ಕೊಂಡ ಜಾಗ ಇದು. ಕಾಲು ಚಾಚೋಕೆ."

"ಕಾಲು ಲಾ ಪಾಸ್‌ನಲ್ಲಿ ಇಳಿದ ಮೇಲೂ ಚಾಚಬಹುದು ಸ್ವಾಮಿ," ಎಂದ ಆನ್ಸೆಲ್ಮೋ.

"ನಿಮ್ಮನ್ನ ಹೆರುವಾಗ ನಿಮ್ಮಮ್ಮ ಎಷ್ಟನೇ ಸಾಲಲ್ಲಿ ಕೂತಿದ್ರು, ಕೇಳಿ ಬನ್ನಿ!" ಎಂದಳು ಚಿನ್ನದ ಹಲ್ಲಿನವಳು.

ಹಿಂದಿನಿಂದ ಸಿಳ್ಳೆ ಬಿತ್ತು. ಕೋಟಿನವನು ಕಿವಿ ಕೆಂಪಗೆ ಮಾಡಿಕೊಂಡು ಎದ್ದು ಕೊನೆಯ ಸಾಲಿಗೆ ನಡೆದ. ಅಲ್ಲಿ ಸಿಕ್ಕ ಗಗನಸಖಿಯ ಮೇಲೆ ಹರಿಹಾಯತೊಡಗಿದ. ಜನ ಚಪ್ಪಾಳೆ ತಟ್ಟಿದರು.

ಫ್ಲೋರಿಂದಾ ಕೂರಲಿಲ್ಲ.

"ಎಲ್ಲಿ ಅಕ್ಕ, ಮಗು?" ಎಂದಳು ಚಿನ್ನದ ಹಲ್ಲಿನವಳು.

"ಒಳಗಿದ್ದಾಳೆ." ಅವಳು ಎದುರಿನ ಪರದೆ ತೋರಿಸಿದಳು.

"ಓ, ಪಾಯಿಖಾನೆಗೆ ಹೋಗಿದ್ದಾಳಾ? ಬರ್ತಾಳೆ ಬಿಡಿ."

ಫ್ಲೋರಿಂದಾ ಪರದೆ ಸರಿಸಿ ಒಳಹೋದಳು. ಬಾಗಿಲು ತಟ್ಟುವ ಸದ್ದು ಹೊರಗೆ ಕೇಳಿಸಿತು.

"ವಾರಾ, ತೆಗಿ ಮರಿ. ಅಮ್ಮ ಬಂದಿದೀನಿ. ಸಿಟ್ಟು ಮಾಡ್ಕೋಬೇಡ. ಎರಡು ತುತ್ತು ತಿನ್ನು, ಹೋಗ್ಬಿಡ್ತೀನಿ."

ಬಾಗಿಲು ತೆರೆಯಲಿಲ್ಲ. ತಟ್ಟುವುದು ಬಡಿಯುವುದಾಯಿತು.

"ಚಿಲಕ ಸಿಕ್ಕಿಹಾಕ್ಕೊಂಡಿದೆ!" ಚಿನ್ನದ ಹಲ್ಲಿನವಳು ಎದೆ ಬಡಿದುಕೊಂಡಳು. "ಮಗು ಒಳಗೆ ಸಿಕ್ಕಿಹಾಕ್ಕೊಂಡಿದೆ! ಯಾರಾದ್ರೂ ಡ್ರೈವರಿಗೆ ಹೇಳ್ರಪ್ಪ, ಹೊರಡ್ಬೇಡ ಅಂತ!"

ಆನ್ಸೆಲ್ಮೋ ಟೋಪಿ ಕೈಗೆ ತೆಗೆದುಕೊಂಡು ಪರದೆಯತ್ತ ಓಡಿದ. ಅಷ್ಟರಲ್ಲಿ ತಲೆಯ ಮೇಲಿನ ಧ್ವನಿವರ್ಧಕ ಒಮ್ಮೆ ಗೊರಗುಟ್ಟಿ ಗಂಟಲು ಸರಿಮಾಡಿಕೊಂಡಿತು.

"ಎಲ್ಲರಿಗೂ ನಮಸ್ಕಾರ, ನಾನು ನಿಮ್ಮ ಕ್ಯಾಪ್ಟನ್ ವಾರಾ ಚೋಕೆ; ಅಮ್ಮಾ, ನೀನು ಬಾಗಿಲು ಬಡಿಯೋದು ನಿಲ್ಲಿಸಿದ್ರೆ ನಾವು ಹೊರಡಬಹುದು."