ತಳದ ಬೇಳೆ

"ದಿನಕ್ಕೆರಡು ಸಲ ಬೇಳೆ ತಿಂತೀನಿ ಅಂತೀಯ. ಹಾಗಾದ್ರೆ ಮೈಯಲ್ಲಿ ಪ್ರೋಟೀನ್ ಯಾಕಿಲ್ಲ?" ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಊಟದ ಸಾಲಿನ ಪಕ್ಕದಲ್ಲೇ ಮೇಜು ಹಾಕಿಕೊಂಡಿದ್ದ ಆಹಾರ ತಜ್ಞೆ ರಕ್ತ ಪರೀಕ್ಷೆಯ ಚೀಟಿಯಿಂದ ತಲೆ ಎತ್ತಲಿಲ್ಲ. "ಸುಳ್ಳು ಹೇಳ್ಬೇಡ. ಹೀಗೇ ಆದ್ರೆ ಮೂಟೆ ಹೊರೋಕೆ ಅನ್‌ಫಿಟ್ ಅಂತ ಬರೀಬೇಕಾಗುತ್ತೆ."

ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದ ಹಮಾಲಿ ಹೆಂಗಸಿಗೆ ಮೈ ಉರಿಯಿತು. ಆ ಒಂದು ಪದ ಬಿದ್ದರೆ ನಾಳೆಯಿಂದ ಕೆಲಸವಿಲ್ಲ. ಅಷ್ಟರಲ್ಲಿ ಬಡಿಸುವವನು ಸೌಟನ್ನು ಹಂಡೆಯ ಮೇಲೆ ಮೇಲೆಯೇ ತೇಲಿಸಿ, ಮುಳುಗು ಹಾಕಿ ಹುಡುಕಿದರೂ ಒಂದು ಕಾಳು ಸಿಗದ ಹಳದಿ ನೀರನ್ನು ಅವಳ ತಟ್ಟೆಗೆ ಸುರಿದ. ಆಫೀಸಿನವರು ಬಂದಾಗ ಮಾತ್ರ ಅವನ ಸೌಟು ಹಂಡೆಯ ತಳಕ್ಕೆ ಇಳಿಯುತ್ತಿತ್ತು. ಎಲ್ಲರೂ ಕಂಡದ್ದೇ, ಯಾರೂ ಕೇಳಿರಲಿಲ್ಲ.

"ಸೌಟು ಕೊಡಣ್ಣ."

"ಏಯ್, ಇದೇನು ನಿಮ್ಮಪ್ಪನ ಮನೆ ಅಡುಗೆಕೋಣೆನಾ?"

ಅವಳು ಕಿತ್ತುಕೊಂಡಳು. ತಳ ಕೆರೆದು ಎತ್ತಿದಳು. ಗಟ್ಟಿ ಬೇಳೆ ಗೋಪುರವಾಗಿ ಮೇಲೆ ಬಂತು. ಅದನ್ನು ಪಕ್ಕದಲ್ಲಿದ್ದ ಇನ್ನೊಂದು ಖಾಲಿ ತಟ್ಟೆಗೆ ಸುರಿದು, ಎರಡೂ ತಟ್ಟೆಗಳನ್ನು ತಜ್ಞೆಯ ಕಾಗದಗಳ ಮೇಲೆಯೇ ಕುಕ್ಕಿದಳು. "ನೋಡಿ ಮೇಡಂ. ಇದು ಆಫೀಸಿನೋರು ತಿನ್ನೋ ಬೇಳೆ, ಇದು ನಾನು ತಿನ್ನೋದು. ಈಗ ಬರೀರಿ, ಸುಳ್ಳು ಯಾರದು ಅಂತ."

ಪೆನ್ನು ನಿಂತಿತು. ಬಡಿಸುವವನು ಸೌಟಿಗಾಗಿ ಕೈ ಚಾಚಿದ. ಆ ಕೈಯನ್ನು ಪಕ್ಕಕ್ಕೆ ತಳ್ಳಿ, ಸಾಲಿನಲ್ಲಿ ಹಿಂದಿದ್ದ ಮುದುಕಿ ತನ್ನ ತಟ್ಟೆ ಮುಂದೆ ಚಾಚಿದಳು.

"ನೀನೇ ಬಡಿಸಮ್ಮ. ತಳದಿಂದ ಹಾಕು."