ಕಸಕಡ್ಡಿಯ ಗೂಡು

ಹುಣ್ಣಿಮೆಗೊಮ್ಮೆ, ಅಮಾವಾಸ್ಯೆಗೊಮ್ಮೆ ಸಮುದ್ರ ಊರನ್ನು ಪೂರ್ತಿ ಅಳಿಸಿಹಾಕುತ್ತಿತ್ತು. ಜನ ಗುಡ್ಡ ಹತ್ತಿ ಕೂರುತ್ತಿದ್ದರು. ಬೆಳಗಾದಾಗ, ಊರಿನ ಯಂತ್ರದಲ್ಲಿ ಮೊದಲೇ ದಾಖಲಾಗಿದ್ದುದೆಲ್ಲ ಮೊದಲಿನಂತೆಯೇ ಎದ್ದು ನಿಲ್ಲುತ್ತಿತ್ತು.

ಆ ಹುಣ್ಣಿಮೆಯ ಮಧ್ಯಾಹ್ನ ದಾಖಲೆಯ ಕೆಲಸದ ಲ್ಯಾನ್ಸಿ ಯಂತ್ರ ಹಿಡಿದು ವಾರಿಜಕ್ಕನ ಅಂಗಳಕ್ಕೆ ಬಂದ. ಮನೆ, ಬಾವಿ, ಬಟ್ಟೆಯ ಹಗ್ಗ ಎಲ್ಲವೂ ದಾಖಲಾದವು. ಜಗಲಿಯ ತಂತಿಗೆ ನೇತಾಡುತ್ತಿದ್ದ, ಸೂರಕ್ಕಿ ಎಂಬ ಪುಟ್ಟ ಹಕ್ಕಿಯ ಗೂಡನ್ನು ಮಾತ್ರ ಯಂತ್ರ ಬಿಟ್ಟಿತು.

“ಕಸಕಡ್ಡಿ ಬಿಡ್ಬೇಕು ಅಂತ ಅದಕ್ಕೆ ಹೇಳಿಟ್ಟಿದೆ ಅಕ್ಕ. ಇಲ್ಲದಿದ್ರೆ ಊರಿನ ಧೂಳೆಲ್ಲ ಸೇರ್ತದೆ.”

“ಒಳಗೆ ಎರಡು ಮೊಟ್ಟೆ ಉಂಟು ಮಾರಾಯ. ಗುಡ್ಡಕ್ಕೆ ಕೊಂಡುಹೋದ್ರೆ ತಾಯಿ ಬರುದಿಲ್ಲ. ಇದೊಂದನ್ನು ಸೇರಿಸ್ಲಿಕ್ಕೆ ಆಗುದಿಲ್ವಾ?”

“ಬೆರಳಿಟ್ಟು ತೋರಿಸಿ ಒತ್ತಾಯ ಮಾಡಿದ್ರೆ ತಗೊಳ್ತದೆ. ಒಮ್ಮೆ ತಗೊಂಡ್ರೆ ಮತ್ತೆ ಬಿಡುದಿಲ್ಲ.”

ಲ್ಯಾನ್ಸಿ ಗೂಡನ್ನು ತೋರಿಸಿದ. ಯಂತ್ರ ಇನ್ನೊಮ್ಮೆ ಕೇಳಿ, ಒಪ್ಪಿತು.

ಬೆಳಿಗ್ಗೆ ವಾರಿಜಕ್ಕ ಎಲ್ಲರಿಗಿಂತ ಮೊದಲು ಗುಡ್ಡ ಇಳಿದಳು. ಒದ್ದೆ ನೆಲದ ಮೇಲೆ ಮನೆ ಎದ್ದು ನಿಂತಿತ್ತು. ಗೂಡಿನೊಳಗೆ ಬೆರಳು ಹಾಕಿದಳು. ಮೊಟ್ಟೆಗಳು ಬೆಚ್ಚಗಿದ್ದವು. ಮೆಲ್ಲನೆ ಕೈ ತೆಗೆದು ಹಿಂದೆ ಸರಿದಳು. ಅಷ್ಟರಲ್ಲಿ ತಾಯಿಹಕ್ಕಿ ಹಾರಿಬಂದು ಒಳಹೊಕ್ಕಿತು.

ಅಮಾವಾಸ್ಯೆಯಂದು ಲ್ಯಾನ್ಸಿ ಅಂಗಳಕ್ಕೆ ಕಾಲಿಡುತ್ತಲೇ, ಯಾರೂ ಕೇಳದೆಯೇ ಯಂತ್ರ ತಾನಾಗಿ ನುಡಿಯಿತು: “ಗೂಡಿನಲ್ಲಿ ಬದಲಾವಣೆಯಾಗಿದೆ. ಮೊಟ್ಟೆಗಳಿದ್ದಲ್ಲಿ ಈಗ ಎರಡು ಮರಿಗಳಿವೆ.”